ಶಿಕ್ಷಣ, ಶಿಕ್ಷೆ, ಅವಮಾನ: ಹಾವೇರಿ ಪರಿಸರದ ಶಾಲಾ ಹಿಂಸೆಯ ಕಾರಣಗಳ ಕುರಿತು ಒಂದು ವಿವೇಚನೆ

‘ಶಿಕ್ಷಣ’ ಮತ್ತು ‘ಶಿಕ್ಷೆ’ ಎಂಬೆರಡು ಶಬ್ದಗಳು ಒಂದೇ ಧಾತುವಿನಿಂದ ಹುಟ್ಟಿದವು. ಸಂಸ್ಕೃತದಲ್ಲಿ ‘ಶಿಕ್ಷಾ’ ಎಂದರೆ ಕಲಿಕೆ. ವೇದಾಂಗಗಳಲ್ಲಿ ಒಂದಾದ ಉಚ್ಚಾರಣಶಾಸ್ತ್ರಕ್ಕೂ ಅದೇ ಹೆಸರು. ಕನ್ನಡದಲ್ಲಿ ಕಲಿಕೆಯ ಅರ್ಥವನ್ನು ‘ಶಿಕ್ಷಣ’ ಉಳಿಸಿಕೊಂಡಿತು, ‘ಶಿಕ್ಷೆ’ಯು ದಂಡನೆಯಾಯಿತು. ನೆರೆಯ ಮರಾಠಿಯಲ್ಲಿಯೂ ಹೀಗೆಯೇ ಆಗಿದೆ. ‘ಬುದ್ಧಿ ಕಲಿಸುತ್ತೇನೆ’, ‘ಪಾಠ ಕಲಿಸುತ್ತೇನೆ’ ಎಂಬ ಮಾತುಗಳು ಆಡುನುಡಿಯಲ್ಲಿ ಬೆದರಿಕೆಯ ಮಾತುಗಳೇ ಹೊರತು ಬೋಧನೆಯ ಮಾತುಗಳಲ್ಲ. ಇನ್ನು ಶಾಲೆಯ ಗೋಡೆಗಳ ಮೇಲೆ ತಪ್ಪದೆ ಕಾಣುವ ‘ಶಿಸ್ತು’ ಎಂಬ ಪದವನ್ನು ತೆಗೆದುಕೊಂಡರೆ, ಕೆಳದಿಯ ಶಿವಪ್ಪನಾಯಕನು 17ನೆಯ ಶತಮಾನದಲ್ಲಿ ಜಾರಿಗೆ ತಂದ ಭೂಕಂದಾಯದ ನಿಗದಿಗೂ ‘ಶಿಸ್ತು’ ಎಂದೇ ಹೆಸರು. ಆಳುವವನು ನಿಗದಿ ಮಾಡುವುದು, ಆಳಿಸಿಕೊಳ್ಳುವವನು ಸಲ್ಲಿಸುವುದು ಎಂಬ ಛಾಯೆ ಆ ಪದದ ಇಂದಿನ ಬಳಕೆಯಲ್ಲಿಯೂ ಪೂರ್ತಿಯಾಗಿ ಅಳಿದಿಲ್ಲ.

ಶಬ್ದಾರ್ಥದ ಇತಿಹಾಸದಿಂದ ಸಮಾಜದ ಇತಿಹಾಸವನ್ನು ನೇರವಾಗಿ ಕಟ್ಟಲಾಗದು ಎಂಬುದು ನಿಜ. ಆದರೆ ಕಲಿಸುವುದಕ್ಕೂ ದಂಡಿಸುವುದಕ್ಕೂ ಒಂದೇ ನುಡಿಗಟ್ಟನ್ನು ಬಳಸುವ ಸಮಾಜವು ಶಾಲೆಯೊಳಗಿನ ಹಿಂಸೆಯನ್ನು ಹಿಂಸೆಯೆಂದು ಗುರುತಿಸಲು ತಡಮಾಡುವುದು ಸಹಜ. ಶಾಲಾ ಹಿಂಸೆಯ ಮಾತು ಬಂದಾಗಲೆಲ್ಲ ಸಿನಿಮಾ, ಮೊಬೈಲು, ಮನೆಯ ಜಗಳ, ಹೆಂಡ ಎಂದು ಕಾರಣಗಳನ್ನು ಶಾಲೆಯ ಹೊರಗೆ ಹುಡುಕುವುದು ರೂಢಿಯಾಗಿದೆ. ಅವು ಕಾರಣಗಳೇ ಅಲ್ಲವೆಂದಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮತ್ತು ಅವುಗಳ ನೆರೆಯ ಊರುಗಳ ಅನುಭವವನ್ನು ಎದುರಿಗಿಟ್ಟುಕೊಂಡು ನೋಡಿದಾಗ, ಹಿಂಸೆಯ ಒಂದು ಮುಖ್ಯ ಬೇರು ಶಾಲೆಯ ಒಳಗೇ, ಅದು ದಿನನಿತ್ಯ ಒಪ್ಪಿಕೊಂಡಿರುವ ಅವಮಾನದ ಪದ್ಧತಿಯಲ್ಲಿದೆ ಎಂಬುದನ್ನು ಪ್ರಸ್ತುತ ಲೇಖನವು ವಿವೇಚಿಸುತ್ತದೆ.

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡಿತು. ಇಲ್ಲಿನ ಕನ್ನಡ ಶಾಲೆಗಳ ಪರಂಪರೆ ಮುಂಬಯಿ ಪ್ರಾಂತದ ಆಡಳಿತದ ಕಾಲದ್ದು; ಡೆಪ್ಯುಟಿ ಚನ್ನಬಸಪ್ಪನವರಂತಹ ಹಿರಿಯರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಮರಾಠಿಯ ಪ್ರಾಬಲ್ಯದ ನಡುವೆ ಕಟ್ಟಿದ್ದು. ಶಿಶುನಾಳ ಶರೀಫರೂ ಕೆಲಕಾಲ ಶಾಲಾ ಮಾಸ್ತರರಾಗಿದ್ದವರು. ‘ಸಾಲಿ’, ‘ಮಾಸ್ತರ’, ‘ಅಕ್ಕೋರು’ ಎಂಬ ಪದಗಳು ಇಂದಿಗೂ ಇಲ್ಲಿನ ಹಳ್ಳಿಗಳಲ್ಲಿ ಬಳಕೆಯಲ್ಲಿವೆ. ಈ ಪದಗಳೊಂದಿಗೆ ಬಂದ ಗೌರವ ದೊಡ್ಡದು. ಅದರ ಜೊತೆಗೇ ಛಡಿಯೂ ಬಂದಿತು. ಛಡಿಯ ಸದ್ದಿಗೂ ವಿದ್ಯೆಯ ಘಮಕ್ಕೂ ಪ್ರಾಸ ಕೂಡಿಸಿದ ಮರಾಠಿ ಗಾದೆಯೊಂದು ಈ ಸೀಮೆಯಲ್ಲಿ ಕನ್ನಡದ ಗಾದೆಯೇ ಎಂಬಷ್ಟು ಪರಿಚಿತವಾಗಿದೆ. ಅದಕ್ಕೂ ಹಿಂದಿನ ಅಯ್ಯಗಳ ಮಠಗಳಲ್ಲಿ, ಕೂಲಿಮಠಗಳಲ್ಲಿ ಹುಡುಗನನ್ನು ತೊಲೆಯ ಹಗ್ಗಕ್ಕೆ ಜೋತುಬಿಡುವ ‘ಕೋದಂಡ’ದಂತಹ ಕ್ರೂರ ಶಿಕ್ಷೆಗಳಿದ್ದವು. ಆದ್ದರಿಂದ ವಸಾಹತು ಆಡಳಿತವೇ ಹೊಡೆತವನ್ನು ತಂದಿತೆಂದು ಹೇಳುವುದು ಸರಿಯಾಗದು. ಅದು ಹೊಡೆತಕ್ಕೆ ಪರೀಕ್ಷೆ, ತಪಾಸಣೆ, ಫಲಿತಾಂಶ ಎಂಬ ಹೊಸ ನೆಪಗಳನ್ನು ಒದಗಿಸಿತು.

ರೂಢಿಯ ಶಿಕ್ಷೆಗಳಲ್ಲಿ ಎರಡನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಒಂದು, ಹೊಡೆಯುವ ಹುಣಸಿ ಬರಲನ್ನು ಹುಡುಗರಿಂದಲೇ ತರಿಸುವುದು. ಎರಡು, ಪ್ರಶ್ನೆಗೆ ಉತ್ತರ ಹೇಳಿದ ವಿದ್ಯಾರ್ಥಿಯು ಹೇಳದವರ ಮೂಗು ಹಿಡಿದು ಕಪಾಳಕ್ಕೆ ಹೊಡೆಯುವುದು. ಗೆಳೆಯನೆಂದು ಮೆಲ್ಲಗೆ ಹೊಡೆದರೆ, ಹೇಗೆ ಹೊಡೆಯಬೇಕೆಂಬುದನ್ನು ಮಾಸ್ತರರು ಅವನ ಕೆನ್ನೆಯ ಮೇಲೆಯೇ ತೋರಿಸಿಕೊಡುತ್ತಿದ್ದರು. ಉತ್ತರ ಕರ್ನಾಟಕದ ಒಂದೆರಡು ತಲೆಮಾರು ಇದನ್ನು ನಗುತ್ತ ನೆನೆಯುವುದುಂಟು. ಆದರೆ ಈ ಪದ್ಧತಿ ಏನನ್ನು ಕಲಿಸುತ್ತದೆ? ಬಲ್ಲವನಿಗೆ ಹೊಡೆಯುವ ಹಕ್ಕಿದೆ, ಅರಿಯದವನು ಹೊಡೆಸಿಕೊಳ್ಳಬೇಕು, ಕರುಣೆ ತೋರಿದವನಿಗೂ ಪೆಟ್ಟು ತಪ್ಪದು ಎಂಬ ಮೂರನ್ನು ಅದು ಒಂದೇ ಗಳಿಗೆಯಲ್ಲಿ ಕಲಿಸುತ್ತದೆ. ಹುಡುಗಿಯಿಂದ ಹುಡುಗನಿಗೆ ಹೊಡೆಸುವುದು ಇದರದೇ ಇನ್ನೊಂದು ರೂಪ. ಹೆಣ್ಣಿನ ಕೈಯ ಪೆಟ್ಟು ಹೆಚ್ಚಿನ ಅವಮಾನವೆಂಬ ಊಹೆಯ ಮೇಲೆಯೇ ಅದು ನಿಂತಿದೆ. ಶಾಲೆ ಬಿಟ್ಟ ಮೇಲೆ ಆ ಹುಡುಗಿ ಎದುರಿಸಬೇಕಾದ ಸೇಡಿನ ಲೆಕ್ಕವನ್ನು ಯಾರೂ ಇಡುವುದಿಲ್ಲ. ವಿದ್ಯಾರ್ಥಿಗಳ ನಡುವಿನ ಹಿಂಸೆಯನ್ನು ‘ಹುಡುಗಾಟಿಕೆ’ ಎಂದೋ ‘ಹೊರಗಿನ ಪ್ರಭಾವ’ ಎಂದೋ ಕರೆಯುವ ಮುನ್ನ, ಅದರ ಮೊದಲ ತಾಲೀಮು ತರಗತಿಯಲ್ಲಿಯೇ, ಗುರುವಿನ ಅಪ್ಪಣೆಯ ಮೇರೆಗೆ ನಡೆದಿರುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಹಾವೇರಿಯ ಹೆಸರು ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದದ್ದು 2019ರ ಅಕ್ಟೋಬರ್‌ನಲ್ಲಿ. ನಗರದ ಖಾಸಗಿ ಪದವಿಪೂರ್ವ ಕಾಲೇಜೊಂದರಲ್ಲಿ ಮಧ್ಯವಾರ್ಷಿಕ ಪರೀಕ್ಷೆಯ ರಸಾಯನಶಾಸ್ತ್ರ ಪತ್ರಿಕೆಯ ದಿನ ವಿದ್ಯಾರ್ಥಿಗಳ ತಲೆಗೆ ರಟ್ಟಿನ ಪೆಟ್ಟಿಗೆಗಳನ್ನು ತೊಡಿಸಿ ಕೂರಿಸಲಾಗಿತ್ತು. ಕಣ್ಣು ಕಾಣುವಂತೆ ಪೆಟ್ಟಿಗೆಯ ಒಂದು ಬದಿಯನ್ನು ಕತ್ತರಿಸಲಾಗಿತ್ತು. ಅಕ್ಕಪಕ್ಕ ನೋಡಿ ನಕಲು ಮಾಡದಿರಲೆಂಬುದು ಉದ್ದೇಶ. ಛಾಯಾಚಿತ್ರಗಳು ಹರಡಿದ ಬಳಿಕ ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಕಾಲೇಜಿಗೆ ಧಾವಿಸಿ ಅದನ್ನು ನಿಲ್ಲಿಸಿದರು. ಅಂದಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರು ವಿದ್ಯಾರ್ಥಿಗಳನ್ನು ಪ್ರಾಣಿಗಳಂತೆ ನಡೆಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲವೆಂದು ಖಂಡಿಸಿದರು. ಕಾಲೇಜಿನವರು ತಪ್ಪೊಪ್ಪಿಕೊಂಡರು. ಇದು ಬರೀ ಪ್ರಯೋಗ, ವಿದ್ಯಾರ್ಥಿಗಳ ಒಪ್ಪಿಗೆ ಇತ್ತು, ಬಿಹಾರದಲ್ಲಿಯೂ ಹೀಗೆ ಮಾಡಿದ್ದಾರೆ ಎಂಬ ಸಮರ್ಥನೆಯೂ ಬಂದಿತು. ಥಾಯ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ 2013ರಲ್ಲಿ ಮುಖದ ಇಕ್ಕೆಲಗಳಿಗೆ ಕಾಗದ ಕಟ್ಟಿ ಪರೀಕ್ಷೆ ಬರೆಸಿದ್ದು, ಮೆಕ್ಸಿಕೋದಲ್ಲಿ 2019ರಲ್ಲಿಯೇ ಇಂತಹ ಪೆಟ್ಟಿಗೆಗಳ ಚಿತ್ರ ವಿವಾದವೆಬ್ಬಿಸಿದ್ದು ನೆನಪಿಸಿಕೊಳ್ಳುವಂಥವು. ಅಂದರೆ ಇದು ಹಾವೇರಿಯ ಯಾರೋ ಒಬ್ಬರ ವಿಕಾರವಲ್ಲ. ಪರೀಕ್ಷೆಯನ್ನೇ ಶಿಕ್ಷಣವೆಂದು ತಿಳಿದ ಕಡೆಗಳಲ್ಲೆಲ್ಲ ಹುಟ್ಟಬಹುದಾದ ಯೋಚನೆ.

ಈ ಪ್ರಸಂಗದಲ್ಲಿ ಯಾರಿಗೂ ಪೆಟ್ಟು ಬೀಳಲಿಲ್ಲ, ರಕ್ತ ಬರಲಿಲ್ಲ. ಹಾಗಿದ್ದರೆ ಇದನ್ನು ಹಿಂಸೆಯ ಚರ್ಚೆಗೆ ತರುವುದು ಏಕೆ? ಹದಿನಾರು ಹದಿನೇಳರ ವಯಸ್ಸಿನ ವಿದ್ಯಾರ್ಥಿಯನ್ನು ಅವನು ಇನ್ನೂ ಮಾಡದ ತಪ್ಪಿಗಾಗಿ ಮುಂಚಿತವಾಗಿಯೇ ಅಪರಾಧಿಯಂತೆ ಕೂರಿಸಲಾಯಿತು. ಅವನ ಮುಖವನ್ನು ಮುಚ್ಚಲಾಯಿತು. ಒಪ್ಪಿಗೆ ಇತ್ತೆಂಬ ಸಮರ್ಥನೆ ಎಲ್ಲಕ್ಕಿಂತ ಚಿಂತಿಸಬೇಕಾದದ್ದು. ಪ್ರಾಯೋಗಿಕ ಅಂಕ, ಹಾಜರಾತಿ, ಪ್ರವೇಶಪತ್ರ ಇವೆಲ್ಲ ಕಾಲೇಜಿನ ಕೈಯಲ್ಲಿರುವಾಗ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ವಿದ್ಯಾರ್ಥಿಗೆ ಎಷ್ಟಿರುತ್ತದೆ? ಅವಮಾನವನ್ನು ಅನುಭವಿಸುವವನೇ ಅದಕ್ಕೆ ತಲೆಯೊಡ್ಡಿ ಒಪ್ಪುವಂತೆ ಮಾಡುವುದು ಶಾಲಾ ವ್ಯವಸ್ಥೆಯ ಹಳೆಯ ಶಕ್ತಿ. ಬರಲನ್ನು ತಾನೇ ಮುರಿದು ತಂದ ಹುಡುಗನಿಗೂ ಈ ವಿದ್ಯಾರ್ಥಿಗಳಿಗೂ ಈ ವಿಷಯದಲ್ಲಿ ಹೆಚ್ಚಿನ ಅಂತರವಿಲ್ಲ.

ಎರಡು ವರ್ಷಗಳ ತರುವಾಯ, 2021ರ ಡಿಸೆಂಬರ್‌ನಲ್ಲಿ, ರಾಣೆಬೆನ್ನೂರಿಗೆ ನೆರೆಯ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲೂಕಿನ ನಲ್ಲೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿಗಳು ಹಿಂದಿ ಪಾಠ ಮಾಡುತ್ತಿದ್ದ ಹಿರಿಯ ಶಿಕ್ಷಕರ ತಲೆಯ ಮೇಲೆ ಬಕೆಟ್ ಕವುಚಿ ಪೀಡಿಸಿದ ದೃಶ್ಯ ಬಹಿರಂಗವಾಯಿತು. ನಾಡಿನೆಲ್ಲೆಡೆ ಆಕ್ರೋಶ ವ್ಯಕ್ತವಾಯಿತು. ಅದು ನ್ಯಾಯವೂ ಆಗಿತ್ತು. ‘ಗುರುಭಕ್ತಿ ಸತ್ತಿತು’ ಎಂಬ ವಿಷಾದದ ಮಾತುಗಳು ಹೇರಳವಾಗಿ ಕೇಳಿಬಂದವು. ಇಲ್ಲಿ ವಿದ್ಯಾರ್ಥಿಗಳ ಕೃತ್ಯವನ್ನು ಸಮರ್ಥಿಸುವ ಪ್ರಶ್ನೆಯೇ ಇಲ್ಲ. ಆದರೂ ಎರಡು ಪ್ರಸಂಗಗಳನ್ನು ಜೊತೆಗಿಟ್ಟು ನೋಡದಿರಲು ಸಾಧ್ಯವಿಲ್ಲ. ಹಾವೇರಿಯಲ್ಲಿ ವ್ಯವಸ್ಥೆಯು ವಿದ್ಯಾರ್ಥಿಗಳ ಮುಖ ಮುಚ್ಚಿತು, ನಲ್ಲೂರಿನಲ್ಲಿ ವಿದ್ಯಾರ್ಥಿಗಳು ಶಿಕ್ಷಕರ ಮುಖ ಮುಚ್ಚಿದರು. ಒಂದು ಇನ್ನೊಂದಕ್ಕೆ ಕಾರಣವಲ್ಲ. ಊರು ಬೇರೆ, ಸಂಸ್ಥೆ ಬೇರೆ, ಮಕ್ಕಳು ಬೇರೆ. ಆದರೆ ಅವಮಾನದ ಭಾಷೆ ಒಂದೇ. ನಲ್ಲೂರಿನ ಮಕ್ಕಳು ಆರಿಸಿಕೊಂಡದ್ದು ಕಠಿಣ ಶಿಕ್ಷಕರನ್ನಲ್ಲ, ತಿರುಗಿ ದಂಡಿಸಲಾರದ ಶಿಕ್ಷಕರನ್ನು ಎಂಬುದು ದೃಶ್ಯದಲ್ಲಿಯೇ ಎದ್ದು ಕಾಣುತ್ತದೆ. ಮೆಲ್ಲಗೆ ಹೊಡೆದವನಿಗೆ ಪೆಟ್ಟು ಎಂಬ ಹಳೆಯ ಪಾಠವನ್ನು ಅವರು ಚೆನ್ನಾಗಿಯೇ ಕಲಿತಿದ್ದರು.

ಮೂರನೆಯ ಪ್ರಸಂಗ ಭೀಕರವಾದುದು. 2022ರ ಡಿಸೆಂಬರ್ 19ರಂದು ಗದಗ ಜಿಲ್ಲೆಯ ನರಗುಂದ ತಾಲೂಕಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕನೊಬ್ಬನ ಹಲ್ಲೆಗೆ ಸಿಕ್ಕಿ, ಮಹಡಿಯಿಂದ ಎಸೆಯಲ್ಪಟ್ಟು ನಾಲ್ಕನೆಯ ತರಗತಿಯ ಬಾಲಕನು ಮೃತಪಟ್ಟನು. ಅದೇ ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ಬಾಲಕನ ತಾಯಿಯ ಮೇಲೆಯೂ ಹಲ್ಲೆ ನಡೆಯಿತು. ಶಾಲಾ ಹಿಂಸೆಯ ಚರ್ಚೆಗಳಲ್ಲಿ ಈ ಘಟನೆಯನ್ನು ‘ಶಿಕ್ಷೆಯ ಅತಿರೇಕ’ವೆಂದು ಉದಾಹರಿಸುವುದುಂಟು. ಅದು ಸರಿಯಲ್ಲ. ವಯಸ್ಕರ ನಡುವಿನ ವೈಮನಸ್ಸು ಅದರ ಹಿಂದಿತ್ತೆಂಬ ಶಂಕೆ ಆಗಲೇ ವ್ಯಕ್ತವಾಗಿತ್ತು. ಪಾಠಕ್ಕೂ ಶಿಸ್ತಿಗೂ ಸಂಬಂಧಿಸಿದ ಶಿಕ್ಷೆ ಅದಾಗಿರಲಿಲ್ಲ. ಇಂತಹ ಕೃತ್ಯಗಳು ಅಪರೂಪ. ಅವು ಸುದ್ದಿಯಾಗುತ್ತವೆ, ಮೊಕದ್ದಮೆಯಾಗುತ್ತವೆ. ಅವುಗಳ ಭೀಕರತೆಯ ನೆರಳಿನಲ್ಲಿ ದಿನನಿತ್ಯದ ಕಪಾಳಮೋಕ್ಷ, ಕಿವಿ ಹಿಂಡುವಿಕೆ, ಬಸ್ಕಿ, ಜಾತಿ ಹಿಡಿದ ಅಡ್ಡಹೆಸರು ಇವೆಲ್ಲ ಅಲ್ಪವಾಗಿ ತೋರಿ ಚರ್ಚೆಯಿಂದಲೇ ಜಾರಿಹೋಗುತ್ತವೆ. ಸಂಶೋಧಕರು ಗಮನ ಹರಿಸಬೇಕಾದದ್ದು ಈ ಎರಡನೆಯ ಬಗೆಯ ಕಡೆಗೆ.

ಗುರುವಿನ ಕಾಠಿಣ್ಯವನ್ನು ಕುರಿತು ಕನ್ನಡ ಸಾಹಿತ್ಯವು ಬಹಳ ಹಿಂದೆಯೇ ಒಂದು ಪ್ರಮೇಯವನ್ನು ಮುಂದಿಟ್ಟಿದೆ. ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕಥೆಯಲ್ಲಿ ಬರುವ ಅಗ್ನಿಭೂತಿ, ವಾಯುಭೂತಿಯರು ಓದದೆ ಬೆಳೆದು, ತಂದೆಯ ಪದವಿಯನ್ನು ಕಳೆದುಕೊಂಡು, ತಾಯಿಯ ಮಾತಿನಂತೆ ಸೋದರಮಾವ ಸೂರ್ಯಮಿತ್ರನಲ್ಲಿಗೆ ಕಲಿಯಲು ಹೋಗುತ್ತಾರೆ. ಸಲುಗೆ ಸಿಕ್ಕರೆ ಓದಲಾರರೆಂದು ಬಗೆದ ಅವನು ತನಗೆ ತಂಗಿಯೇ ಇಲ್ಲವೆಂದು ಹೇಳಿ, ಭಿಕ್ಷೆ ಬೇಡಿ ಉಂಡು ಓದುವುದಾದರೆ ಕಲಿಸುವೆನೆನ್ನುತ್ತಾನೆ. ಓದು ಮುಗಿದ ಮೇಲೆ ನಿಜವನ್ನು ತಿಳಿಸುತ್ತಾನೆ. ಅಣ್ಣನು ಇದು ತಮ್ಮ ಒಳಿತಿಗೇ ಎಂದು ಕೃತಜ್ಞನಾಗುತ್ತಾನೆ, ತಮ್ಮನು ಹಗೆಗೊಳ್ಳುತ್ತಾನೆ. ಕಥೆಯು ಮುಂದೆ ವಾಯುಭೂತಿಯನ್ನು ಹೀನ ಜನ್ಮಗಳಲ್ಲಿ ತೊಳಲಿಸುತ್ತದೆ. ಜೈನ ಕರ್ಮಸಿದ್ಧಾಂತದ ದೃಷ್ಟಿಯಿಂದ, ಮುನಿಯಾದವನನ್ನು ನಿಂದಿಸಿದ ಪಾಪದ ಫಲವದು. ಆ ಚೌಕಟ್ಟಿನಲ್ಲಿ ಅದಕ್ಕೆ ಅದರದೇ ತರ್ಕವಿದೆ. ಆದರೆ ಶಿಕ್ಷಣದ ದೃಷ್ಟಿಯಿಂದ ಓದಿದಾಗ ಬೇರೆಯದೊಂದು ಅಂಶ ಕಣ್ಣಿಗೆ ಬೀಳುತ್ತದೆ. ಸೂರ್ಯಮಿತ್ರನು ಹೊಡೆಯಲಿಲ್ಲ, ಬಯ್ಯಲಿಲ್ಲ; ಸಂಬಂಧವನ್ನು ನಿರಾಕರಿಸಿದನು, ಅಷ್ಟೆ. ಒಂದೇ ಕಾಠಿಣ್ಯ, ಒಂದೇ ಮನೆಯ ಇಬ್ಬರು ಮಕ್ಕಳು, ಎರಡು ಬಗೆಯ ಫಲ. ಕಥೆಯ ನಂತರದ ಪರಂಪರೆಯು ಅಗ್ನಿಭೂತಿಯನ್ನು ಮಾದರಿಯಾಗಿ ಎತ್ತಿಕೊಂಡಿತು. ‘ಅಂದು ಹೊಡೆದದ್ದಕ್ಕೇ ಇಂದು ಉದ್ಧಾರವಾದೆವು’ ಎನ್ನುವ ಹಳೆಯ ವಿದ್ಯಾರ್ಥಿಗಳ ಸಭೆಗಳಲ್ಲಿ ಮಾತನಾಡುವವರು ಅಗ್ನಿಭೂತಿಗಳೇ. ವಾಯುಭೂತಿಗಳು ಶಾಲೆ ಬಿಟ್ಟು ಹೋಗಿರುತ್ತಾರೆ. ಅವರನ್ನು ಅಂತಹ ಸಭೆಗೆ ಕರೆಯುವ ರೂಢಿಯಿಲ್ಲ.

ದಲಿತ ಆತ್ಮಕಥನಗಳು ಈ ಕೊರತೆಯನ್ನು ತುಂಬಿದವು. ಹಿಂದಿಯ ಓಂಪ್ರಕಾಶ ವಾಲ್ಮೀಕಿಯವರ ‘ಜೂಠನ್’ ಕೃತಿಯಲ್ಲಿ ಮುಖ್ಯೋಪಾಧ್ಯಾಯನು ಬಾಲಕನಿಂದ ಶಾಲೆಯ ಅಂಗಳ ಗುಡಿಸಿದ ಪ್ರಸಂಗ, ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಕಾಣಿಸುವ ಜಾತಿಯ ಅವಮಾನಗಳು, ಒಂದು ಮಾತನ್ನು ಖಚಿತಪಡಿಸುತ್ತವೆ: ತರಗತಿಯ ಶಿಕ್ಷೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛಗೊಳಿಸಿದ ಸಂಗತಿ ಬೆಳಕಿಗೆ ಬಂದಾಗ, ಆತ್ಮಕಥನಗಳ ಕಾಲ ಕಳೆದುಹೋಗಿದೆ ಎಂದುಕೊಂಡವರಿಗೆ ಉತ್ತರ ದೊರೆಯಿತು.

ಇನ್ನು ಪ್ರಾದೇಶಿಕ ಕಾರಣಗಳು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಜನವರಿಯಿಂದ ಮಾರ್ಚ್‌ವರೆಗೆ ಬಿಡುವಿಲ್ಲದ ಹಂಗಾಮು. ಶಾಲೆಗಳಿಗೆ ಅದು ವಾರ್ಷಿಕ ಪರೀಕ್ಷೆಯ ಸಿದ್ಧತೆಯ ಕಾಲ. ಕಾಯಿ ಬಿಡಿಸುವುದು, ತೊಟ್ಟು ಮುರಿಯುವುದು ಮುಂತಾದ ಕೆಲಸಕ್ಕೆ ತಾಯಂದಿರು ಹೋದಾಗ ಮನೆಯ ಕೂಸಿನ ಹೊಣೆ ಹಿರಿಯ ಹುಡುಗಿಯ ಪಾಲಿಗೆ ಬರುತ್ತದೆ. ರಾಣೆಬೆನ್ನೂರಿನ ಸುತ್ತ ಸಂಕರ ತಳಿಯ ತರಕಾರಿ ಬೀಜೋತ್ಪಾದನೆ ದೊಡ್ಡ ಉದ್ಯೋಗ. ಹೂವಿನ ಕೇಸರ ತೆಗೆದು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವ ಈ ಕೆಲಸಕ್ಕೆ ನವಿರಾದ ಬೆರಳುಗಳು ಬೇಕು. ಅದರ ಹೊತ್ತೂ ಶಾಲೆಯ ಗಂಟೆಯ ಹೊತ್ತೂ ಒಂದೇ. ಹೊಲದಿಂದ ತಡವಾಗಿ ಬಂದ ಮಗು ತರಗತಿಯ ಬಾಗಿಲಲ್ಲಿ ನಿಲ್ಲುತ್ತದೆ. ಕುಟುಂಬದ ಬಡತನವು ಅಲ್ಲಿ ಮಗುವಿನ ಅಶಿಸ್ತು ಎಂದು ದಾಖಲಾಗುತ್ತದೆ. ಶಿಕ್ಷಕರು ನಿರ್ದಯರೆಂದಲ್ಲ. ಹಾಜರಾತಿಯ ಅಂಕಿಗೂ ಫಲಿತಾಂಶದ ಶೇಕಡಾವಾರಿಗೂ ಮೇಲಧಿಕಾರಿಗಳಿಗೆ ಉತ್ತರ ಕೊಡಬೇಕಾದವರು ಅವರೇ. ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಜಿಲ್ಲೆಗಳಿಗೆ ಸ್ಥಾನ ಹಚ್ಚುವ ಪದ್ಧತಿಯಿಂದ ಈ ಒತ್ತಡ ಜಿಲ್ಲಾಡಳಿತದಿಂದ ಹೊರಟು ಕೊನೆಗೆ ಹಿಂದಿನ ಬೆಂಚಿನ ಹುಡುಗನ ಬೆನ್ನಿಗೆ ತಲಪುತ್ತದೆ. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ, ಹೆಚ್ಚುವರಿ ಕೃಪಾಂಕಗಳನ್ನು ಕೊಟ್ಟ ಮೇಲೆಯೂ ಶೇ. 73.40ಕ್ಕೆ ಇಳಿಯಿತು. ನಕಲು ನಿಜವಾದ ಸಮಸ್ಯೆಯೆಂಬುದು ಇದರಿಂದ ಸ್ಪಷ್ಟ. ಆದರೆ ಕಲಿಸದೆ ಉಳಿದದ್ದನ್ನು ಕಾಯುವುದರಿಂದ ತುಂಬಲಾಗದು. ರಟ್ಟಿನ ಪೆಟ್ಟಿಗೆಯ ಹಿಂದಿದ್ದ ಮನೋಧರ್ಮವೂ ಕಾಯುವುದೇ.

ಕೃಷಿಯ ಸಂಕಷ್ಟವೇ ಈ ಭಾಗದ ಮಕ್ಕಳನ್ನು ಉಗ್ರರನ್ನಾಗಿಸುತ್ತಿದೆ ಎಂಬ ವಾದವೂ ಇದೆ. 2008ರ ಜೂನ್ 10ರಂದು ಗೊಬ್ಬರಕ್ಕಾಗಿ ಸೇರಿದ ರೈತರ ಮೇಲೆ ಹಾವೇರಿಯಲ್ಲಿ ಗೋಲಿಬಾರ್ ನಡೆದು ಇಬ್ಬರು ಮಡಿದರು; 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದು ಬ್ಯಾಡಗಿಯ ಎ.ಪಿ.ಎಂ.ಸಿ. ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿದ್ದಿತು. ಇವನ್ನು ಕಂಡು, ಕೇಳಿ ಬೆಳೆದ ಮಕ್ಕಳ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ ಎನ್ನಲಾಗದು. ಆದರೆ ಬೀದಿಯ ಸಿಟ್ಟಿನಿಂದ ತರಗತಿಯ ಹಿಂಸೆಗೆ ನೇರ ಗೆರೆ ಎಳೆಯುವುದು ರೈತಕುಟುಂಬದ ಮಕ್ಕಳನ್ನು ಇನ್ನೊಮ್ಮೆ ಮುಂಚಿತವಾಗಿ ಅಪರಾಧಿಗಳನ್ನಾಗಿ ಮಾಡಿದಂತೆ. ದರ ಕುಸಿದ ಮನೆಯ ಹುಡುಗನು ಶುಲ್ಕ ಕಟ್ಟಿಲ್ಲವೆಂದು ತರಗತಿಯಲ್ಲಿ ಹೆಸರು ಕೂಗಿಸಿಕೊಂಡು ಎದ್ದುನಿಂತಾಗ ಮಾತ್ರ ಹೊರಗಿನ ಕಷ್ಟ ಒಳಗಿನ ಗಾಯವಾಗುತ್ತದೆ. ಆ ಕೂಗು ಶಾಲೆಯದು.

ಕಾನೂನಿನ ಸ್ಥಿತಿ ಸ್ಪಷ್ಟವಾಗಿದೆ. ದೆಹಲಿ ಉಚ್ಚ ನ್ಯಾಯಾಲಯವು 2000ದ ಡಿಸೆಂಬರ್‌ನಲ್ಲಿ ಅಲ್ಲಿನ ಶಾಲಾ ನಿಯಮಗಳಲ್ಲಿದ್ದ ದೈಹಿಕ ದಂಡನೆಯ ಅವಕಾಶವನ್ನು ಅಸಿಂಧುಗೊಳಿಸಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಆದರೆ ಆ ಕಾಯಿದೆಯ ‘ಮಗು’ 6ರಿಂದ 14 ವರ್ಷದವರೆಗಿನದು. ಹಾವೇರಿಯ ಪದವಿಪೂರ್ವ ವಿದ್ಯಾರ್ಥಿಗಳು ಅದರ ಅಂಚಿನಾಚೆ ಉಳಿದರು. ಅವರಿಗೆ 2015ರ ಬಾಲನ್ಯಾಯ ಕಾಯಿದೆಯಂತಹ ಬೇರೆ ಆಸರೆ ಬೇಕು. ಕೇಂದ್ರ ಸರ್ಕಾರವು 2007ರಲ್ಲಿ ಪ್ರಕಟಿಸಿದ, 12,447 ಮಕ್ಕಳನ್ನು ಮಾತನಾಡಿಸಿದ ಅಧ್ಯಯನದಲ್ಲಿ ಶಾಲೆಗೆ ಹೋಗುವ ಮಕ್ಕಳಲ್ಲಿ ಶೇ. 65ರಷ್ಟು ಮಂದಿ ದೈಹಿಕ ಶಿಕ್ಷೆಯನ್ನು ಅನುಭವಿಸಿದ್ದಾಗಿ ಹೇಳಿದ್ದರು. ಆ ಅಧ್ಯಯನದ 13 ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲ. ಇಲ್ಲಿನ ಚರ್ಚೆಯು ಅಂಕಿಅಂಶಗಳಿಗಿಂತ ಪತ್ರಿಕಾ ವರದಿಗಳನ್ನೇ ಹೆಚ್ಚು ಅವಲಂಬಿಸಿರುವುದಕ್ಕೆ ಇದೂ ಒಂದು ಕಾರಣ.

ಶಿಕ್ಷಕರ ದೂರನ್ನೂ ಕೇಳಬೇಕು. ಛಡಿಯನ್ನು ಕಿತ್ತುಕೊಂಡಿರಿ, ಅದರ ಬದಲಿಗೆ ಏನು ಕೊಟ್ಟಿರಿ ಎಂಬುದು ಅವರ ಪ್ರಶ್ನೆ. ಹಲವು ತರಗತಿಗಳನ್ನು ಒಬ್ಬರೇ ನಿಭಾಯಿಸುವ ಹಳ್ಳಿಯ ಶಾಲೆಯಲ್ಲಿ, ಶೈಕ್ಷಣಿಕ ವರ್ಷದ ಮಟ್ಟಿಗೆ ಗೌರವಧನದ ಮೇಲೆ ಬಂದ ಅತಿಥಿ ಶಿಕ್ಷಕರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಇದಕ್ಕೆ ಅರ್ಧ ಉತ್ತರ ಕರ್ನಾಟಕದಲ್ಲಿಯೇ ಇದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶಿಕ್ಷಕರ ಪ್ರಯೋಗವಾಗಿ ಆರಂಭವಾದ ‘ನಲಿ-ಕಲಿ’ಯು ಮಗುವನ್ನು ಅದರದೇ ವೇಗದಲ್ಲಿ, ಭಯವಿಲ್ಲದೆ, ನೆಲದ ಮೇಲೆ ಗುಂಪಾಗಿ ಕೂರಿಸಿ ಕಲಿಸುವ ವಿಧಾನ. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳ 1ರಿಂದ 3ನೆಯ ತರಗತಿಗಳಿಗೆ ವಿಸ್ತರಿಸಿತು. ನಾಲ್ಕನೆಯ ತರಗತಿಗೆ ಬಂದೊಡನೆ ಮಗು ಬೆಂಚಿಗೆ, ಸಾಲಿಗೆ, ಕಿರುಪರೀಕ್ಷೆಗೆ ಹೊಂದಿಕೊಳ್ಳಬೇಕು. ಭಯವಿಲ್ಲದೆ ಕಲಿತ ಮೂರು ವರ್ಷಗಳ ಅಭ್ಯಾಸವು ಅಲ್ಲಿ ‘ಗದ್ದಲ’ವೆನಿಸುತ್ತದೆ. ಈ ಸಂಧಿಯನ್ನು ಕುರಿತು ಪ್ರತ್ಯೇಕ ಅಧ್ಯಯನ ನಡೆಯಬೇಕು.

ಪಾಲಕರ ಮೌನವೂ ಬಿಡಿಸಿ ನೋಡಬೇಕಾದದ್ದು. ‘ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ, ನಮ್ಮ ಹುಡುಗ ಶಾಣ್ಯಾ ಆದ್ರ ಸಾಕ್ರಿ’ ಎಂದು ಶಾಲೆಗೆ ಸೇರಿಸುವಾಗಲೇ ಅಧಿಕಾರ ಕೊಟ್ಟ ತಂದೆ, ಮುಂದೆ ಬಾಸುಂಡೆ ಕಂಡರೂ ದೂರು ಕೊಡಲಾರ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಓದು ತನಗೆ ದಕ್ಕದ ವ್ಯಕ್ತಿಯು ಮಗನಿಗಾದರೂ ದಕ್ಕಲೆಂದು ತನ್ನಲ್ಲಿರುವ ಒಂದೇ ಶುಲ್ಕವನ್ನು, ಮಗನ ಮೈಯನ್ನು, ಒಪ್ಪಿಸುವ ರೀತಿಯದು. 2001ರಿಂದ ಸರ್ಕಾರಿ ಶಾಲೆಗಳಲ್ಲಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಇಂತಹ ಪಾಲಕರೇ ಸದಸ್ಯರು. ಕೊಠಡಿ, ಸಮವಸ್ತ್ರ, ಬಿಸಿಯೂಟದ ಅಕ್ಕಿ ಇವುಗಳ ಬಗ್ಗೆ ಅಲ್ಲಿ ಮಾತಾಗುತ್ತದೆ. ಹೊಡೆತದ ಬಗ್ಗೆ ಮಾತೆತ್ತುವುದು ಗುರುಗಳಿಗೆ ಅಗೌರವವೆಂಬ ಸಂಕೋಚ ಅಡ್ಡ ಬರುತ್ತದೆ.

ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಗಳು ಶಾಲೆಯಲ್ಲಿ ದೂರು ಪೆಟ್ಟಿಗೆಯನ್ನು ಇಡುವಂತೆ ಹೇಳುತ್ತವೆ. 1098 ಸಂಖ್ಯೆಯ ಮಕ್ಕಳ ಸಹಾಯವಾಣಿಯೂ ಇದೆ. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಎದ್ದುನಿಂತು ಶೌಚಾಲಯ, ಆವರಣಗೋಡೆ, ಬಸ್ಸು, ಕುಡಿಯುವ ನೀರು ಬೇಕೆಂದು ಕೇಳುತ್ತಾರೆ. ಅದೇ ಸಭೆಯ ವೇದಿಕೆಯಲ್ಲಿ ಮುಖ್ಯೋಪಾಧ್ಯಾಯರೂ ಕುಳಿತಿರುತ್ತಾರೆ. ಸಭೆ ಮುಗಿದ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಶಾಲೆಗೆ ಕರೆದೊಯ್ಯುವವರೂ ಅವರೇ. ಹೊಡೆತವನ್ನು ಕುರಿತ ದೂರು ಆ ಸಭೆಯಲ್ಲಿ ಬಾರದಿದ್ದರೆ ಅದನ್ನು ಹೊಡೆತವಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಎಣಿಸುವಂತಿಲ್ಲ. ದೂರು ಪೆಟ್ಟಿಗೆಯನ್ನು ಶಾಲೆಯ ಹೊರಗಿನವರ ಸಮ್ಮುಖದಲ್ಲಿ, ಪಾಲಕರ ಸಮಿತಿಯ ತಾಯಂದಿರ ಎದುರಿಗೆ ತೆರೆಯುವ ಏರ್ಪಾಡು, ಹೆಸರಿಲ್ಲದ ಚೀಟಿಗಳನ್ನೂ ದಾಖಲಿಸಿಕೊಳ್ಳುವ ಒಂದು ವಹಿ, ವರ್ಷಕ್ಕೊಮ್ಮೆ ಆ ವಹಿಯ ತಪಾಸಣೆ, ಇಷ್ಟನ್ನು ಮೂರೂ ತಾಲೂಕುಗಳ ಕೆಲವು ಶಾಲೆಗಳಲ್ಲಿ ಎರಡು ವರ್ಷ ನಡೆಸಿ ನೋಡುವುದು ಕಷ್ಟವಲ್ಲ. ಆ ಚೀಟಿಗಳಲ್ಲಿ ಮಕ್ಕಳು ತಮಗಾದದ್ದನ್ನು ಯಾವ ಪದಗಳಿಂದ ಹೇಳಿಕೊಳ್ಳುತ್ತಾರೆ, ‘ಶಿಕ್ಷೆ’ ಎನ್ನುತ್ತಾರೆಯೋ, ‘ಹೊಡೆದರು’ ಎನ್ನುತ್ತಾರೆಯೋ, ‘ನಗಾಡಿದರು’ ಎನ್ನುತ್ತಾರೆಯೋ ಎಂಬುದು ಕನ್ನಡ ವಿಭಾಗಗಳ ಸಂಶೋಧಕರು ಕೈಗೆತ್ತಿಕೊಳ್ಳಬಹುದಾದ ಕೆಲಸ.